ಓದುಗರ ಪ್ರಶ್ನೆ: ಹಳೆಯ ಶಾಲಾ ಕಟ್ಟಡವನ್ನು ಕೆಡವಬೇಕೇ, ಉಳಿಸಬೇಕೇ?

ಪ್ರಶ್ನೆ: ನಮ್ಮೂರಿನಲ್ಲಿ ನೂರು ವರ್ಷ ದಾಟಿದ, ಸುಣ್ಣದ ಗಾರೆಯ ಇಟ್ಟಿಗೆ ಗೋಡೆ, ಮಂಗಳೂರು ಹೆಂಚಿನ ಮಾಡು ಇರುವ ಶಾಲಾ ಕಟ್ಟಡವೊಂದು ಖಾಲಿ ಬಿದ್ದಿದೆ. ಅದನ್ನು ಗ್ರಂಥಾಲಯ ಮಾಡೋಣವೆಂದು ಕೆಲವರೂ, ಕೆಡವಿ ಕಾಂಕ್ರೀಟಿನಲ್ಲಿ ಕಟ್ಟಿದರೆ ಬಾಳಿಕೆ ಹೆಚ್ಚೆಂದು ಕೆಲವರೂ ಹೇಳುತ್ತಿದ್ದಾರೆ. ಉಳಿಸಿಕೊಂಡರೆ ಪರಿಸರಕ್ಕೆ ನಿಜವಾಗಿ ಲಾಭವಿದೆಯೇ?
– ಓದುಗರೊಬ್ಬರು, ಶಿವಮೊಗ್ಗ ಜಿಲ್ಲೆ

ಉತ್ತರ: ಲಾಭವಿದೆ, ಎಷ್ಟು ಎಂಬುದು ದುರಸ್ತಿಯ ರೀತಿಯನ್ನು ಅವಲಂಬಿಸಿದೆ. ಆ ಇಟ್ಟಿಗೆಯನ್ನೂ ಸುಣ್ಣವನ್ನೂ ಸುಡಲು ಬೇಕಾದ ಸೌದೆ ಎಂದೋ ಉರಿದುಹೋಗಿದೆ. ಈಗ ಕೆಡವಿದರೆ ಅದಷ್ಟೂ ವ್ಯರ್ಥವಾಗುವುದಲ್ಲದೆ, ಲಾರಿಗಟ್ಟಲೆ ಅವಶೇಷವನ್ನು ಯಾವ ಕೆರೆಯಂಗಳಕ್ಕೆ ಸುರಿಯುತ್ತಾರೋ ಎಂಬ ಆತಂಕವೂ, ಹೊಸ ಕಟ್ಟಡಕ್ಕೆ ಬೇಕಾಗುವ ಸಿಮೆಂಟು ಮತ್ತು ಉಕ್ಕಿನ ಹೊರೆಯೂ ಸೇರಿಕೊಳ್ಳುತ್ತವೆ. ಜಗತ್ತಿನಲ್ಲಿ ಹೊರಬೀಳುವ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಶೇ. 7–8ರಷ್ಟು ಸಿಮೆಂಟ್ ತಯಾರಿಕೆಯಿಂದಲೇ ಬರುತ್ತದೆ.

ಬಾಳಿಕೆಯ ವಿಷಯದಲ್ಲಿ ಸುಣ್ಣವನ್ನು ಹಗುರವಾಗಿ ಎಣಿಸಬೇಡಿ. ಕನ್ನಂಬಾಡಿ ಅಣೆಕಟ್ಟೆಯನ್ನು ಕಟ್ಟಿದ್ದು ಸುರ್ಕಿ ಗಾರೆಯಲ್ಲಿ, ಅಂದರೆ ಸುಣ್ಣಕ್ಕೆ ಸುಟ್ಟ ಇಟ್ಟಿಗೆಯ ಪುಡಿ ಬೆರೆಸಿದ ಗಾರೆಯಲ್ಲಿ. ಹಳೆಯ ಗೋಡೆಗಳು ಹಾಳಾಗುವುದು ಹೆಚ್ಚಾಗಿ ಒಳ್ಳೆಯ ಉದ್ದೇಶದ ದುರಸ್ತಿಯಿಂದ. ಸುಣ್ಣದ ಗೋಡೆ ನೆಲದಿಂದಲೂ ಮಳೆಯಿಂದಲೂ ಹೀರಿದ ತೇವವನ್ನು ಮೈಯಿಂದಲೇ ಆರಿಸಿಕೊಳ್ಳುತ್ತದೆ. ಅದರ ಮೇಲೆ ಸಿಮೆಂಟ್ ಗಿಲಾವು ಬಳಿದರೆ ತೇವ ಒಳಗೇ ಸಿಕ್ಕಿಕೊಂಡು, ಉಪ್ಪು ಹರಳುಗಟ್ಟಿ, ಕೆಲವು ಮಳೆಗಾಲಗಳಲ್ಲಿ ಇಟ್ಟಿಗೆಯೇ ಪುಡಿಯಾಗತೊಡಗುತ್ತದೆ. ಆಗ ‘ಕಟ್ಟಡಕ್ಕೆ ವಯಸ್ಸಾಯಿತು’ ಎಂಬ ವರದಿ ಬರುತ್ತದೆ! ಆದ್ದರಿಂದ ಗಾರೆಯ ಕೆಲಸ ಬಲ್ಲವರನ್ನು ಹುಡುಕಿ, ಸುಣ್ಣವನ್ನು ಸುಣ್ಣದಿಂದಲೇ ರಿಪೇರಿ ಮಾಡಿಸಿ. ಹೆಂಚುಗಳನ್ನು ಇಳಿಸಿ, ತೊಳೆದು, ಹೆಂಚನ್ನು ಹೊರುವ ಮರದ ಪಟ್ಟಿಗಳಾದ ರೀಪು ಮತ್ತು ಅವುಗಳ ಕೆಳಗಿನ ಪಕಾಸಿಗಳಲ್ಲಿ ಗೆದ್ದಲು ತಿಂದವನ್ನಷ್ಟೇ ಬದಲಿಸಿ ಮತ್ತೆ ಹೊದಿಸಬಹುದು.

ಗ್ರಂಥಾಲಯದ ಯೋಚನೆ ನನಗೆ ಸರಿಯೆನಿಸುತ್ತದೆ. ಓದುವುದಕ್ಕೆಂದೇ ಕಟ್ಟಿದ ಕೊಠಡಿಗಳಲ್ಲವೇ? ಆದರೆ ತೇವ ಪೂರ್ತಿ ಆರುವ ಮೊದಲು ಪುಸ್ತಕ ತರಬೇಡಿ. ಬಳಕೆ ಬದಲಾಗಿಯೂ ಕಟ್ಟಡ ಉಳಿಯಬಲ್ಲದೆಂಬುದಕ್ಕೆ ಬೆಂಗಳೂರಿನ ಅಠಾರಾ ಕಚೇರಿಯೇ ಇದೆ: ಹದಿನೆಂಟು ಇಲಾಖೆಗಳಿಗಾಗಿ 1868ರಲ್ಲಿ ಸಿದ್ಧವಾದ ಅಲ್ಲಿ ಇಂದು ಹೈಕೋರ್ಟ್ ನಡೆಯುತ್ತಿದೆ. ಬೆಂಗಳೂರಿನಲ್ಲೇ ಇರುವ, ಮಾಣಿಕ್ಯವೇಲು ಎಂಬುವರ ಮನೆಯಾಗಿದ್ದ ಬಂಗಲೆ 2009ರಿಂದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯವಾಗಿದೆ.

ಪ್ರಶ್ನೆ: ಮುಂಭಾಗವನ್ನು ಮಾತ್ರ ಉಳಿಸಿ ಹಿಂದೆ ಹೊಸದಾಗಿ ಕಟ್ಟಿದರೆ ಸಾಲದೇ?

ಉತ್ತರ: ಬೀದಿಯ ಚೆಂದ ಉಳಿಯುತ್ತದೆ, ಅವಶೇಷದ ರಾಶಿಯಂತೂ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ಯಾವುದೋ ಒಂದು ಭಾಗವನ್ನು ಕೆಡವಲೇಬೇಕಾಗಿ ಬಂದರೆ ಜೆಸಿಬಿ ತರಿಸುವ ಬದಲು ಕೈಯಿಂದ ಬಿಚ್ಚಿಸಿ. ಸಿಮೆಂಟು ಹಿಡಿದ ಇಟ್ಟಿಗೆ ಬಿಡಿಸುವಾಗ ಒಡೆಯುತ್ತದೆ, ಸುಣ್ಣದ ಗಾರೆಯಲ್ಲಿ ಕೂರಿಸಿದ್ದು ಇಡಿಯಾಗಿ ಕೈಗೆ ಬರುತ್ತದೆ. ಉಳಿದ ಗೋಡೆಯ ರಿಪೇರಿಗೆ ಅಷ್ಟೇ ಅಳತೆಯ ಇಟ್ಟಿಗೆ ಬೇರೆಲ್ಲೂ ಸಿಗಲಾರದು. ಬಿಚ್ಚಿದ ಇಟ್ಟಿಗೆ, ಹೆಂಚು, ಮರಗಳನ್ನು ಸ್ಥಳದಲ್ಲೇ ಜೋಡಿಸಿಡಬೇಕೆಂಬ ಷರತ್ತನ್ನು ಟೆಂಡರಿನಲ್ಲಿಯೇ ಬರೆಸಿ.