ಪಶ್ಚಿಮದ ಬಾಗಿಲಿಗೆ ಮೆರೂನ್ ಬದಲು ಕಾವಿ ಕೆಂಪು ನೋಡಿ
ತಿಳಿಹಳದಿ ಗೋಡೆಯ ಮನೆಯಲ್ಲಿ ಪಶ್ಚಿಮಕ್ಕಿರುವ ಮುಂಬಾಗಿಲಿನ ಕಡು ಮೆರೂನ್ ಒಂದೇ ವರ್ಷದಲ್ಲಿ ಮಾಸಿ ಗುಳ್ಳೆ ಎದ್ದಿದೆ, ಏನು ಮಾಡಲಿ ಎಂದು ಕೇಳಿದ್ದೀರಿ. ಇದಕ್ಕೆ ಬಹುಮಟ್ಟಿಗೆ ಸಂಜೆ ಬಿಸಿಲೇ ಕಾರಣ. ಕಡು ಬಣ್ಣ ಶಾಖ ಹೀರುತ್ತದೆ. ಮೆರೂನಿಗೆ ಬೆರೆಸುವ ಕೆಲವು ಕೆಂಪುಗಳು ಬಿಸಿಲಿಗೆ ಬೇಗ ಮಾಸುತ್ತವೆ. ಗುಳ್ಳೆ ಕೆಳತುದಿಯಲ್ಲೇ ಹೆಚ್ಚಿದ್ದರೆ ನೀರಿನ ಪಸೆ ಕಾರಣವಿರಬಹುದು. ಆಗ ಬಾಗಿಲು ಕಳಚಿ ಅಡಿಯ ಅಂಚಿಗೆ ಬಣ್ಣ ಹೊಡೆದಿದ್ದಾರೆಯೇ ನೋಡಿ. ಪೇಂಟರ್‌ಗಳು ಸಾಮಾನ್ಯವಾಗಿ ಬಿಟ್ಟುಬಿಡುವುದು ಅದನ್ನೇ.

ಕೆಂಪೇ ಬೇಕೆಂದರೆ ಐರನ್ ಆಕ್ಸೈಡ್‌ನ (ಕಬ್ಬಿಣದ ತುಕ್ಕಿನ ಜಾತಿಯ ವರ್ಣದ್ರವ್ಯ) ಕಾವಿ ಕೆಂಪು ತೆಗೆದುಕೊಳ್ಳಿ, ಬಿಸಿಲಿಗೆ ಬಾಳುತ್ತದೆ. ನಿಮ್ಮ ತಿಳಿಹಳದಿ ಗೋಡೆಗೆ ತುಂಬ ಚೆನ್ನಾಗಿ ಒಪ್ಪುತ್ತದೆ ಕೂಡ. ಆದರೆ ಶೇಡ್ ಕಾರ್ಡ್ ನೋಡಿ ನಿರ್ಧರಿಸಬೇಡಿ. ಚಿಕ್ಕ ಡಬ್ಬಿ ತಂದು ಒಂದಡಿ ಪ್ಲೈವುಡ್ ತುಂಡಿಗೆ ಎರಡು ಕೋಟ್ ಹೊಡೆದು ಬಾಗಿಲಿಗೆ ಒರಗಿಸಿ. ಬೆಳಿಗ್ಗೆ, ಸಂಜೆ 4ಕ್ಕೆ, ರಾತ್ರಿ ದೀಪದಲ್ಲಿ ನೋಡಿ.

ಗುಳ್ಳೆ ಎದ್ದ ಕಡೆ ಮರ ಕಾಣುವವರೆಗೆ ಕೆರೆದು 120 ನಂಬರಿನ ಸ್ಯಾಂಡ್ ಪೇಪರ್, ಆಮೇಲೆ 220 ಹಾಕಿ ಉಜ್ಜಿ. ಧೂಳು ಒರೆಸಿ ವುಡ್ ಪ್ರೈಮರ್ (ಬಣ್ಣಕ್ಕೆ ಮುಂಚೆ ಮರಕ್ಕೆ ಹೊಡೆಯುವ ಅಡಿಪದರ) ಒಂದು ಕೋಟ್, ನಾಲ್ಕೂ ಅಂಚುಗಳಿಗೂ ಸೇರಿಸಿ. ಮೇಲೆ ಹೊರಾಂಗಣಕ್ಕೆ ಆಗುವ ಎನಾಮಲ್ ತೆಳುವಾಗಿ ಎರಡು ಕೋಟ್. ನಡುವೆ ಒಂದು ರಾತ್ರಿ ಒಣಗಲಿ. ಬಾಗಿಲ ಮೇಲೆ ಬಿಸಿಲಿರುವಾಗ ಹೊಡೆದರೆ ಮೇಲ್ಪದರ ಬೇಗ ಗಟ್ಟಿಯಾಗಿ, ಒಳಗೆ ಸಿಕ್ಕಿಕೊಂಡ ಥಿನ್ನರ್‌ನಿಂದ (ಬಣ್ಣ ತೆಳುಮಾಡುವ ದ್ರವ) ಮತ್ತೆ ಗುಳ್ಳೆ ಏಳುತ್ತದೆ. ಬೆಳಿಗ್ಗೆಯೇ ಮುಗಿಸಿ.