ಐದು ಗಂಟೆ ಓಟಕ್ಕೆ ಮೂರೂವರೆಗೇ ಯಾಕೆ ಹೋಗಬೇಕು, ಟೀಚರ್?

ಓದುಗರು ಕೇಳಿದ್ದು: ಓಟ, ನಡಿಗೆ, ವ್ಯಾಯಾಮ
ಉತ್ತರ: ಶಿವಮೊಗ್ಗದ ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕಿ

ಪ್ರಶ್ನೆ: ಟೀಚರ್, ನನಗೀಗ 51. ತೀರ್ಥಹಳ್ಳಿ ಹತ್ತಿರ ನಮ್ಮ ತೋಟ. ಮೂರು ವರ್ಷದಿಂದ ದಿನಾ ಬೆಳಿಗ್ಗೆ ಓಡುತ್ತೇನೆ. ಒಮ್ಮೆ 21 ಕಿ.ಮೀ. ಕೂಡ ಮುಗಿಸಿದ್ದೇನೆ, ಮೂರು ಗಂಟೆ ಹತ್ತು ನಿಮಿಷ ಆಯಿತು. ಮಗಳು ಅಮೆರಿಕದ ಫ್ಲೋರಿಡಾದಲ್ಲಿದ್ದಾಳೆ. ಜನವರಿಯಲ್ಲಿ ಅಲ್ಲಿನ ಡಿಸ್ನಿ ವರ್ಲ್ಡ್‌ನಲ್ಲಿ ನಡೆಯುವ 21 ಕಿ.ಮೀ.ಯ ಹಾಫ್ ಮ್ಯಾರಥಾನ್‌ಗೆ ತನ್ನ ಜೊತೆ ನನ್ನ ಹೆಸರನ್ನೂ ಕೊಟ್ಟಿದ್ದಾಳೆ. ಓಟ ಶುರುವಾಗುವುದು ಬೆಳಗಿನ ಜಾವ 5ಕ್ಕಂತೆ. ಅವಳು ಮೂರೂವರೆಗೆಲ್ಲ ಅಲ್ಲಿರಬೇಕು ಅನ್ನುತ್ತಾಳೆ. ಅಳಿಯಂದಿರು ನಾಲ್ಕೂವರೆಗೆ ಹೋದರೂ ಸಾಕು, ಸುಮ್ನೆ ಚಳಿಯಲ್ಲಿ ನಿಂತು ಸುಸ್ತಾಗುತ್ತೀರಿ ಅನ್ನುತ್ತಾರೆ. ಯಾರ ಮಾತು ಕೇಳಲಿ?
– ತೀರ್ಥಹಳ್ಳಿಯ ಓದುಗರು

ಉತ್ತರ: ಮಗಳ ಮಾತು ಕೇಳಿ. ಅಳಿಯಂದಿರು ನಿಮ್ಮ ಮೇಲಿನ ಕಾಳಜಿಯಿಂದಲೇ ಹೇಳಿದ್ದಾರೆ, ಅದು ಸರಿ. ಆದರೆ ಅವರ ಲೆಕ್ಕ ಊರಿನ ಓಟದ ಲೆಕ್ಕ. ನಮ್ಮ ನೆಹರು ಕ್ರೀಡಾಂಗಣದಲ್ಲಿ ಓಟ ಇದ್ದರೆ ಗೇಟಿನ ಹತ್ತಿರ ಸ್ಕೂಟರ್ ನಿಲ್ಲಿಸಿ, ಹತ್ತು ಹೆಜ್ಜೆ ನಡೆದು, ಗೆರೆ ಹತ್ತಿರ ನಿಲ್ಲಬಹುದು. ಅಲ್ಲಿ ಹಾಗಲ್ಲ. ನನ್ನ ಅಕ್ಕನ ಮಗಳು ಫ್ಲೋರಿಡಾದ ಟ್ಯಾಂಪಾದಲ್ಲಿದ್ದಾಳೆ, ಅವಳ ಜೊತೆ ನಾನೂ ಆ ಹಾಫ್ ಮ್ಯಾರಥಾನ್ ಓಡಿ ಬಂದಿದ್ದೇನೆ. ಹಾಗಾಗಿ ಕಣ್ಣಾರೆ ಕಂಡಿದ್ದನ್ನೇ ಹೇಳುತ್ತೇನೆ.

ಮೊದಲು, ಓಟ ಅಷ್ಟು ಬೇಗ ಯಾಕೆ ಅನ್ನುವುದು. ಡಿಸ್ನಿ ವರ್ಲ್ಡ್‌ನಲ್ಲಿ ನಾಲ್ಕು ಥೀಮ್ ಪಾರ್ಕುಗಳಿವೆ, ನೀವು ಓಡುವುದು ಆ ಪಾರ್ಕುಗಳ ಒಳಗೆ ಮತ್ತು ಅವುಗಳ ಸುತ್ತಲಿನ ರಸ್ತೆಗಳಲ್ಲಿ. ಹಾಫ್ ಮ್ಯಾರಥಾನ್ ಎಪ್‌ಕಾಟ್ ಅನ್ನುವ ಪಾರ್ಕಿನ ಹತ್ತಿರ ಶುರುವಾಗಿ, ಮ್ಯಾಜಿಕ್ ಕಿಂಗ್‌ಡಮ್‌ಗೆ ಹೋಗಿ, ಅಲ್ಲಿ ಸಿಂಡ್ರೆಲಾ ಕೋಟೆ ನೋಡಿಕೊಂಡು, ಮತ್ತೆ ಎಪ್‌ಕಾಟ್‌ಗೆ ಬಂದು ಮುಗಿಯುತ್ತದೆ. ಪೂರ್ತಿ ಮ್ಯಾರಥಾನ್ ಆದರೆ ನಾಲ್ಕೂ ಪಾರ್ಕುಗಳನ್ನು ಹಾದು ಹೋಗುತ್ತದೆ. ಅದೇ ದಿನ ಬೆಳಿಗ್ಗೆ ಅದೇ ಪಾರ್ಕುಗಳಿಗೆ ಮಕ್ಕಳು ಮರಿ ಕಟ್ಟಿಕೊಂಡು ಟಿಕೆಟ್ ತೆಗೆದುಕೊಂಡ ಜನ ಬರುತ್ತಾರೆ. ಅವರು ಬರುವ ಹೊತ್ತಿಗೆ ಓಟಗಾರರು ಅಲ್ಲಿಂದ ದಾಟಿರಬೇಕು, ಬೇಲಿ ಎತ್ತಬೇಕು, ನೆಲಕ್ಕೆ ಬಿದ್ದ ನೀರಿನ ಲೋಟ ಗುಡಿಸಬೇಕು. ಅಲ್ಲಿನ ಬಿಸಿಲು, ಸೆಕೆ ಕೂಡ ಒಂದು ಕಾರಣ. ಕತ್ತಲಲ್ಲೇ ಹೊರಟರೆ ಅರ್ಧ ದಾರಿ ತಂಪಿನಲ್ಲಿ ಮುಗಿಯುತ್ತದೆ. ಜನವರಿಯಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ಏಳು ಗಂಟೆ ದಾಟಿದ ಮೇಲೆ.

ಈಗ ನಿಮ್ಮ ಒಂದೂವರೆ ಗಂಟೆ ಎಲ್ಲಿ ಹೋಗುತ್ತದೆ ಅನ್ನುವುದಕ್ಕೆ ಬರೋಣ.

ಮೊದಲು ಅಲ್ಲಿಗೆ ತಲುಪುವುದೇ ಒಂದು ಕೆಲಸ. ಓಟ ಇರುವ ರಸ್ತೆಗಳನ್ನು ಮುಚ್ಚಿರುತ್ತಾರೆ. ಉಳಿದ ಒಂದೆರಡು ದಾರಿಯಲ್ಲೇ ಸಾವಿರಾರು ಕಾರು ಬರಬೇಕು. ಶಿವಮೊಗ್ಗದ ಕೋಟೆ ಮಾರಿಕಾಂಬಾ ಜಾತ್ರೆ ದಿನ ಗಾಂಧಿ ಬಜಾರ್ ಕಡೆ ಗಾಡಿ ತಿರುಗಿಸಿ ಸಿಕ್ಕಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೆದ್ದಾರಿಯಿಂದ ಇಳಿಯುವ ಕಡೆಯೇ ಸಾಲು ನಿಂತುಬಿಡುತ್ತದೆ. ಡಿಸ್ನಿಯವರ ಹೋಟೆಲ್‌ಗಳಲ್ಲಿ ಉಳಿದರೆ ಓಟಗಾರರಿಗೆಂದೇ ನಡುರಾತ್ರಿಯ ನಂತರ ಬಸ್ ಬಿಡುತ್ತಾರೆ. ಯಾವ ಹೋಟೆಲಿನಿಂದ ಎಷ್ಟು ಹೊತ್ತಿಗೆ ಶುರು, ಎಷ್ಟರೊಳಗೆ ಹತ್ತಬೇಕು ಎಂದು ಆ ವರ್ಷದ ಕೈಪಿಡಿಯಲ್ಲಿ ಬರೆದಿರುತ್ತದೆ. ಮಗಳಿಗೆ ಆ ಕೈಪಿಡಿ ಪೂರ್ತಿ ಓದಲು ಹೇಳಿ. ಅದರಲ್ಲಿರುವ ಕೊನೆಯ ಹೊತ್ತನ್ನು ನಿಮ್ಮ ಹೊತ್ತು ಅಂದುಕೊಳ್ಳಬೇಡಿ. ಕೊನೆಯ ಬಸ್ಸಿಗೆ ಎಲ್ಲರೂ ಕಾಯುತ್ತಾರೆ, ಅಲ್ವಾ?

ಇಳಿದ ಮೇಲೆ ಚೀಲ ತಪಾಸಣೆ. ಸಾಲು ನಿಲ್ಲಬೇಕು. ಆಮೇಲೆ ಎಲ್ಲರೂ ಸೇರುವ ದೊಡ್ಡ ಬಯಲು, ಅಲ್ಲೇ ಬೆಚ್ಚಗಿನ ಬಟ್ಟೆಯ ಚೀಲ ಕೊಡುವ ಕಟ್ಟೆ, ಅಲ್ಲೇ ಟಾಯ್ಲೆಟ್ ಸಾಲು. ಹೆಂಗಸರ ಕಷ್ಟ ನಿಮಗೆ ಗೊತ್ತೇ ಇದೆ. ಮನೆಯಲ್ಲಿ ಮುಗಿಸಿಕೊಂಡು ಬಂದಿದ್ದರೂ ಓಟದ ದಿನದ ಗಾಬರಿಗೆ ಹೊಟ್ಟೆ ಇನ್ನೊಮ್ಮೆ ಕೇಳುತ್ತದೆ, ಎಲ್ಲರಿಗೂ ಒಟ್ಟಿಗೇ ಕೇಳುತ್ತದೆ. ಈ ಸಾಲಿಗೇ ನಾನು ಅರ್ಧ ಗಂಟೆ ಎತ್ತಿಡುತ್ತೇನೆ. ಅದು ಜಾಸ್ತಿ ಅನ್ನಿಸಿದರೂ ಪರವಾಗಿಲ್ಲ.

ಇಷ್ಟಾದ ಮೇಲೂ ಓಟ ಶುರುವಾಗುವ ಜಾಗ ಬಂದಿರುವುದಿಲ್ಲ. ಆ ಬಯಲಿನಿಂದ ಗೆರೆಯವರೆಗೆ ಹದಿನೈದು ಇಪ್ಪತ್ತು ನಿಮಿಷದ ನಡಿಗೆ ಇದೆ, ಅದೂ ಜನರ ನಡುವೆ, ಕತ್ತಲಲ್ಲಿ. ಬೇಗ ನಡೆಯೋಣ ಅಂದರೂ ಆಗುವುದಿಲ್ಲ, ಮುಂದಿನವರು ಎಷ್ಟು ನಡೆದರೆ ನೀವೂ ಅಷ್ಟೇ. ನಾಲ್ಕೂವರೆಗೆ ಬಂದವರು ಈ ನಡಿಗೆಯಲ್ಲಿರುವಾಗಲೇ ಮುಂದೆ ಪಟಾಕಿ ಸದ್ದು ಕೇಳಿಸುತ್ತದೆ. ಮೊದಲ ಗುಂಪು ಹೊರಟಿತು ಅಂತ ಅರ್ಥ.

ಇಲ್ಲೇ ಮುಖ್ಯ ವಿಷಯ ಇರುವುದು, ಇದನ್ನು ದಯವಿಟ್ಟು ಎರಡು ಸಲ ಓದಿ. ಹತ್ತು ಸಾವಿರಕ್ಕೂ ಜಾಸ್ತಿ ಜನರನ್ನು ಒಂದೇ ಸಲ ಬಿಡಲು ಆಗುವುದಿಲ್ಲ. ಹಾಗಾಗಿ ಅಕ್ಷರದ ಲೆಕ್ಕದಲ್ಲಿ ಗುಂಪು ಮಾಡಿ, ಒಂದೊಂದು ಗುಂಪನ್ನು ಬೇಲಿ ಹಾಕಿದ ಜಾಗದಲ್ಲಿ ನಿಲ್ಲಿಸಿ, ಸ್ವಲ್ಪ ಸ್ವಲ್ಪ ಹೊತ್ತು ಬಿಟ್ಟು ಕಳಿಸುತ್ತಾರೆ. ಕೊರಾಲ್ ಅಂತಾರೆ ಅದಕ್ಕೆ. ನಮ್ಮ ಕಡೆಯ ದೊಡ್ಡಿ ಇದ್ದ ಹಾಗೆ. ವೇಗದ ಓಟದ ದಾಖಲೆ ಕೊಟ್ಟವರು ಮುಂದೆ, ಉಳಿದವರು ಹಿಂದೆ. ನಿಮ್ಮ ಗುಂಪಿನ ಹೊತ್ತಿಗೆ ನೀವು ಅಲ್ಲಿಲ್ಲದಿದ್ದರೆ ಹಿಂದಿನ ಗುಂಪಿಗೆ ಹೋಗಬೇಕು. ಮುಂದಿನದಕ್ಕೆ ಹೋಗಲು ಬಿಡುವುದಿಲ್ಲ. ಸಿಗಂದೂರಿಗೆ ಸೇತುವೆ ಆಗುವ ಮುಂಚೆ ಅಂಬಾರಗೋಡ್ಲು ದಡದಲ್ಲಿ ಲಾಂಚ್ ತಪ್ಪಿಸಿಕೊಂಡು ನಿಂತವರಿಗೆ ಈ ಸಂಕಟ ಗೊತ್ತು. ಐದೇ ನಿಮಿಷ ತಡವಾಗಿರುತ್ತದೆ, ಕಾಯುವುದು ಮಾತ್ರ ಮುಂದಿನ ಲಾಂಚ್ ಬರುವ ತನಕ.

ಹಿಂದಿನ ಗುಂಪಿಗೆ ಹೋದರೆ ಏನಾಯಿತು, ಹೇಗೂ ಓಡುತ್ತೇವಲ್ಲ ಅನ್ನಬಹುದು. ಲೆಕ್ಕ ಹಾಕಿ ನೋಡೋಣ. ಅಲ್ಲಿ ಮೈಲಿಗೆ 16 ನಿಮಿಷದ ಮಿತಿ ಇದೆ, ಅಂದರೆ ಕಿಲೋಮೀಟರಿಗೆ ಹೆಚ್ಚು ಕಡಿಮೆ 10 ನಿಮಿಷ. ಅದೇ ಲೆಕ್ಕದಲ್ಲಿ ಹಾಫ್ ಮ್ಯಾರಥಾನ್ ಮೂರೂವರೆ ಗಂಟೆಯಲ್ಲಿ ಮುಗಿಯಬೇಕು. ಈ ಗಡಿಯಾರ ಶುರುವಾಗುವುದು ಕೊನೆಯ ಓಟಗಾರರು ಗೆರೆ ದಾಟಿದಾಗ. ಅವರ ಜೊತೆಗೇ ಬಲೂನ್ ಕಟ್ಟಿಕೊಂಡ ಕೆಲವು ಹೆಂಗಸರು ಅದೇ 16 ನಿಮಿಷದ ಲೆಕ್ಕದಲ್ಲಿ ಬಿಡದೆ ನಡೆದು ಬರುತ್ತಾರೆ. ಅವರಿಗಿಂತ ಹಿಂದೆ ಬಿದ್ದವರನ್ನು ದಾರಿಯಲ್ಲೇ ನಿಲ್ಲಿಸಿ ಬಸ್ ಹತ್ತಿಸುತ್ತಾರೆ. ನಿಮ್ಮದು ಮೂರು ಗಂಟೆ ಹತ್ತು ನಿಮಿಷದ ಓಟ. ಕೊನೆಯವರ ಜೊತೆ ಹೊರಟರೆ ನಿಮ್ಮ ಕೈಯಲ್ಲಿ ಉಳಿಯುವುದು ಇಪ್ಪತ್ತೇ ನಿಮಿಷ. ಅದೇ ನಿಮ್ಮ ಗುಂಪು ಕೊನೆಯವರಿಗಿಂತ 25 ನಿಮಿಷ ಮುಂಚೆ ಹೊರಡುವುದಿತ್ತು, ನೀವೂ ಅದರ ಜೊತೆಗೇ ಹೊರಟಿರಿ ಅಂತ ಇಟ್ಟುಕೊಳ್ಳಿ. ಆಗ ಕೈಯಲ್ಲಿ 45 ನಿಮಿಷ ಇರುತ್ತದೆ. ಒಂದು ಸಲ ಟಾಯ್ಲೆಟ್‌ಗೆ ನಿಂತರೆ ಐದು ಹತ್ತು ನಿಮಿಷ ಹೋಯಿತು. ದಾರಿಯುದ್ದಕ್ಕೂ ಮಿಕ್ಕಿ ಮೌಸ್ ತರಹದ ಪಾತ್ರಧಾರಿಗಳು ನಿಂತಿರುತ್ತಾರೆ, ಅವರ ಜೊತೆ ಫೋಟೋ ತೆಗೆಸಿಕೊಳ್ಳಲು ಸಾಲು ಇರುತ್ತದೆ. ಮಗಳು ಅಷ್ಟು ಆಸೆಯಿಂದ ಕರೆಸಿಕೊಂಡಿರುವುದು ನೀವಿಬ್ಬರೂ ಆ ಕೋಟೆಯ ಮುಂದೆ ನಿಂತು ಒಂದು ಫೋಟೋ ತೆಗೆಸಿಕೊಳ್ಳಲಿ ಅಂತಲೂ ಇರಬಹುದು. ಇಪ್ಪತ್ತು ನಿಮಿಷದಲ್ಲಿ ಇದೆಲ್ಲ ಆಗುವುದಿಲ್ಲ. ಹಿಂದೆ ತಿರುಗಿ ಬಲೂನ್ ಕಾಣುತ್ತಿದೆಯಾ ಅಂತ ನೋಡುತ್ತಾ ಓಡಬೇಕಾಗುತ್ತದೆ. ನನ್ನ ಪಕ್ಕ ಒಬ್ಬ ವಯಸ್ಸಾದವರು ಹಾಗೇ ಓಡುತ್ತಿದ್ದರು. ಕೋಟೆ ಬಂದಾಗ ತಲೆ ಎತ್ತಲೇ ಇಲ್ಲ. ನನಗೆ ತುಂಬಾ ಬೇಜಾರಾಯಿತು.

ನಿದ್ದೆ ಕೆಡುತ್ತದೆ ಅನ್ನುವ ಚಿಂತೆ ನಿಮಗೆ ಅಷ್ಟು ಬೇಡ. ಜನವರಿಯಲ್ಲಿ ಫ್ಲೋರಿಡಾ ನಮಗಿಂತ ಹತ್ತೂವರೆ ಗಂಟೆ ಹಿಂದೆ. ಅಲ್ಲಿನ ರಾತ್ರಿ 2 ಅಂದರೆ ತೀರ್ಥಹಳ್ಳಿಯ ಮಧ್ಯಾಹ್ನ ಹನ್ನೆರಡೂವರೆ. ಹೊಸದಾಗಿ ಹೋದವರಿಗೆ ಆಗ ಏಳುವುದು ಕಷ್ಟವೇ ಅಲ್ಲ. ಸಂಜೆ ಏಳಕ್ಕೆ ಮಲಗುವುದೇ ಕಷ್ಟ, ಆಗ ಇಲ್ಲಿ ಬೆಳಗಾಗುತ್ತಿರುತ್ತದೆ. ಆದ್ದರಿಂದ ಸಾಧ್ಯವಾದರೆ ಹತ್ತು ದಿನ ಮುಂಚೆ ಹೋಗಿ. ಓಟದ ಹಿಂದಿನ ರಾತ್ರಿ ನಿದ್ದೆ ಬರದಿದ್ದರೂ ಹೆದರಬೇಡಿ, ಕಣ್ಣು ಮುಚ್ಚಿ ಮಲಗಿರಿ ಸಾಕು. ಅದರ ಹಿಂದಿನ ಎರಡು ಮೂರು ರಾತ್ರಿಯ ನಿದ್ದೆ ಚೆನ್ನಾಗಿರಲಿ.

ತಿನ್ನುವುದು ಓಟಕ್ಕೆ ಎರಡೂವರೆ ಗಂಟೆ ಮುಂಚೆ. ಇಲ್ಲಿ ಓಡುವ ದಿನ ಏನು ತಿನ್ನುತ್ತೀರೋ ಅದನ್ನೇ ತಿನ್ನಿ, ಅವಲಕ್ಕಿ ಆದರೆ ಅವಲಕ್ಕಿ. ಹೊಸ ಊರು ಅಂತ ಹೊಸ ತಿಂಡಿ ಬೇಡ. ಗೆರೆ ಹತ್ತಿರ ನಿಂತಾಗ ಒಂದು ಬಾಳೆಹಣ್ಣು ಇರಲಿ.

ಚಳಿ ವಿಷಯದಲ್ಲಿ ಮಾತ್ರ ಅಳಿಯಂದಿರ ಮಾತು ಸರಿ. ಫ್ಲೋರಿಡಾ ಅಂದರೆ ಸೆಕೆ ಅಂದುಕೊಂಡು ಹೋಗುತ್ತೇವೆ. ಜನವರಿ ಬೆಳಗಿನ ಜಾವ ಕೆಲವು ವರ್ಷ ಆಗುಂಬೆಯ ಚಳಿಗಿಂತ ಜಾಸ್ತಿ ಇರುತ್ತದೆ. ಹಳೇ ಸ್ವೆಟರ್ ಒಂದು ಹಾಕಿಕೊಂಡು ಹೋಗಿ, ಹೊರಡುವಾಗ ಬೇಲಿ ಪಕ್ಕ ಬಿಟ್ಟುಬಿಡಿ, ಎಲ್ಲರೂ ಹಾಗೇ ಮಾಡುತ್ತಾರೆ. ನಾನು ಮಳೆಗಾಲದಲ್ಲಿ ಗದ್ದೆಗೆ ಹೋಗುವಾಗ ಹಾಕುವ ಕೊಪ್ಪೆಯ ಹಾಗೆ ಒಂದು ದೊಡ್ಡ ಪ್ಲಾಸ್ಟಿಕ್ ಹೊದ್ದುಕೊಂಡಿದ್ದೆ. ಗಾಳಿಗೂ ಆಯಿತು, ಇಬ್ಬನಿ ಬಿದ್ದ ನೆಲದ ಮೇಲೆ ಹಾಸಿ ಕೂರುವುದಕ್ಕೂ ಆಯಿತು. ಬೇಗ ಹೋದವರು ನಿಂತೇ ಇರಬೇಕಾಗಿಲ್ಲ. ಕೂತುಕೊಳ್ಳಿ, ಕಾಲು ಚಾಚಿಕೊಳ್ಳಿ. ನಾನೂ ಅಕ್ಕನ ಮಗಳೂ ಅಲ್ಲಿ ಒಂದು ಗಂಟೆ ಕೂತು ಮಾತಾಡಿದ ಹಾಗೆ ಹತ್ತು ವರ್ಷದಲ್ಲಿ ಮಾತಾಡಿರಲಿಲ್ಲ.

ಇನ್ನೆರಡು ಮಾತು. ಬಿಬ್ ನಂಬರ್, ಅಂದರೆ ಅಂಗಿಗೆ ಚುಚ್ಚಿಕೊಳ್ಳುವ ಓಟಗಾರರ ನಂಬರ್, ಓಟದ ದಿನ ಬೆಳಿಗ್ಗೆ ಕೊಡುವುದಿಲ್ಲ, ಮುಂಚಿನ ದಿನಗಳಲ್ಲೇ ನೀವೇ ಹೋಗಿ ಗುರುತಿನ ಚೀಟಿ ತೋರಿಸಿ ತರಬೇಕು. ಪಾಸ್‌ಪೋರ್ಟ್ ಮರೆಯಬೇಡಿ. ಮತ್ತೆ, ಮಲಗುವ ಮುಂಚೆ ಓಟ ನಡೆಸುವವರಿಂದ ಸಂದೇಶ ಬಂದಿದೆಯಾ ಅಂತ ಮಗಳಿಗೆ ನೋಡಲು ಹೇಳಿ. 2017ರ ಜನವರಿಯಲ್ಲಿ ಸಿಡಿಲು ಮಳೆಯ ಭಯದಿಂದ ಅಲ್ಲಿನ ಹಾಫ್ ಮ್ಯಾರಥಾನನ್ನೇ ರದ್ದು ಮಾಡಿದ್ದರು.

ಪ್ರಶ್ನೆ: ಟೀಚರ್, ಅದೇ ಊರಿಗೆ ನಾವೂ ಹೋಗುತ್ತಿದ್ದೇವೆ. ಸೊಸೆ ಓಡುತ್ತಾಳೆ, ನಾವು ನೋಡುವವರು. ನಾವೂ ಮೂರೂವರೆಗೇ ಹೋಗಬೇಕಾ?
– ಸಾಗರದ ಓದುಗರು

ಉತ್ತರ: ಬೇಡ. ನೀವು ನಿದ್ದೆ ಮಾಡಿ. ಸೊಸೆ ಒಬ್ಬಳೇ ಬಸ್ಸಿನಲ್ಲಿ ಹೋಗಲಿ, ಆ ಹೊತ್ತಿನಲ್ಲೂ ಬಸ್ ತುಂಬಾ ಓಟಗಾರರೇ ಇರುತ್ತಾರೆ. ನೀವು ಮುಗಿಯುವ ಗೆರೆ ಹತ್ತಿರ ಹೋಗಿ. ರಸ್ತೆ ಮುಚ್ಚಿರುವುದು ನಿಮಗೂ ತೊಂದರೆ ಕೊಡುತ್ತದೆ, ಆದ್ದರಿಂದ ಅವಳು ಬರುವ ಹೊತ್ತಿಗೆ ಒಂದು ಗಂಟೆ ಮುಂಚೆ ಅಲ್ಲಿರಿ. ಆ ಜನದಲ್ಲಿ ಒಬ್ಬರನ್ನೊಬ್ಬರು ಹುಡುಕುವುದು ಕಷ್ಟ. ಓಟ ಆದ ಮೇಲೆ ಎಲ್ಲಿ ಸೇರುವುದು ಅಂತ ಹಿಂದಿನ ದಿನವೇ ಮಾತಾಡಿಕೊಳ್ಳಿ. ಅವಳಿಗೆ ಒಂದು ಶಾಲು, ಕುಡಿಯಲು ಏನಾದರೂ ಹಿಡಿದುಕೊಂಡಿರಿ.

ಪ್ರಶ್ನೆ: ಟೀಚರ್, ನನಗೆ 19. ಭದ್ರಾವತಿಯವನು. ಶಿವಮೊಗ್ಗದಲ್ಲಿ 10 ಕಿ.ಮೀ. ಓಟಗಳಿಗೆ ಬರುತ್ತೇನೆ. ಶುರುವಾಗಲು ಐದು ನಿಮಿಷ ಇರುವಾಗ ಬಂದು ನಿಲ್ಲುತ್ತೇನೆ, ಏನೂ ತೊಂದರೆ ಆಗಿಲ್ಲ. ಇಷ್ಟು ಚಿಕ್ಕ ಓಟಕ್ಕೂ ಬೇಗ ಬರಬೇಕಾ?
– ಭದ್ರಾವತಿಯ ಓದುಗ

ಉತ್ತರ: ಬರಬೇಕಪ್ಪ. ಇಲ್ಲಿ ದೊಡ್ಡಿಯೂ ಇಲ್ಲ, ಬಲೂನಿನವರೂ ಇಲ್ಲ, ನಿಜ. ಆದರೆ ನಿನ್ನ ಕಾಲು ಅದೇ ಕಾಲು. ಬಸ್ಸಿನಲ್ಲಿ ಮಡಚಿಕೊಂಡು ಕೂತು ಬಂದ ಸ್ನಾಯು ತಣ್ಣಗಿರುತ್ತದೆ, ಬಿಗಿಯಾಗಿರುತ್ತದೆ. ಅದಕ್ಕೆ ರಕ್ತ ಓಡಿ ಬೆಚ್ಚಗಾಗಲು ಹತ್ತು ಹದಿನೈದು ನಿಮಿಷದ ನಿಧಾನ ಓಟ ಬೇಕು. ಇಲ್ಲದಿದ್ದರೆ ಮೊದಲ ಎರಡು ಕಿಲೋಮೀಟರಿನಲ್ಲೇ ಏದುಸಿರು ಬರುತ್ತದೆ, ನೀನು ಅದನ್ನು ಓಟದ ಕಷ್ಟ ಅಂದುಕೊಳ್ಳುತ್ತೀಯ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಡೆದದ್ದು ಹೇಳುತ್ತೇನೆ. ಒಂದು ಕ್ರೀಡಾಕೂಟಕ್ಕೆ ನಮ್ಮ ಶಾಲೆಯ ಹುಡುಗಿಯರನ್ನು ಕರೆದುಕೊಂಡು ಹೋಗಬೇಕಿತ್ತು. ಮೊದಲ ಬಸ್ಸಿಗೆ ಮಕ್ಕಳಿಗೆ ಕಷ್ಟ ಆಗುತ್ತದೆ ಅಂತ ನಾನೇ ಎರಡನೇ ಬಸ್ ಆರಿಸಿದೆ. ದಾರಿಯಲ್ಲಿ ಮರ ಬಿದ್ದು ಬಸ್ ನಿಂತಿತು. ನಾವು ಮೈದಾನಕ್ಕೆ ಬಂದಾಗ 1500 ಮೀಟರ್‌ಗೆ ಹೆಸರು ಕೂಗುತ್ತಿದ್ದರು. ಎಂಟನೇ ಕ್ಲಾಸಿನ ಒಬ್ಬಳು ಚೀಲ ನನ್ನ ಕೈಗೆ ಕೊಟ್ಟು ಹಾಗೇ ಓಡಿ ಹೋಗಿ ನಿಂತಳು. ಮೂರನೇ ಸುತ್ತಿನಲ್ಲಿ ತೊಡೆ ಹಿಡಿದುಕೊಂಡು ಕೂತುಬಿಟ್ಟಳು. ಆ ವರ್ಷ ಅವಳು ಮತ್ತೆ ಓಡಲಿಲ್ಲ. ಟೀಚರ್, ನಾನು ಇನ್ನೂ ಚೆನ್ನಾಗಿ ಓಡಬೇಕಿತ್ತು ಅಂತ ಅತ್ತಳು. ತಪ್ಪು ಅವಳದ್ದಲ್ಲ, ನನ್ನದು ಅಂತ ಹೇಳಿದೆ. ಆಮೇಲೆ ನಿವೃತ್ತಿ ಆಗುವವರೆಗೂ ಮಕ್ಕಳನ್ನು ಮೊದಲ ಬಸ್ಸಿಗೇ ಹತ್ತಿಸಿದೆ.

ನೀನು ಓಟ ಆರಕ್ಕಿದ್ದರೆ ಐದಕ್ಕೆ ಮೈದಾನದಲ್ಲಿರು. ಭದ್ರಾವತಿಯಿಂದ ಅಷ್ಟು ಹೊತ್ತಿಗೆ ಬಸ್ ಇದೆಯಾ ಅಂತ ಹಿಂದಿನ ದಿನವೇ ಕೇಳಿಕೋ. ಇಲ್ಲದಿದ್ದರೆ ರಾತ್ರಿಯೇ ಬಂದು ಶಿವಮೊಗ್ಗದಲ್ಲಿ ನೆಂಟರ ಮನೆಯಲ್ಲೋ ಸ್ನೇಹಿತರ ರೂಮಿನಲ್ಲೋ ಉಳಿದುಕೋ.