ಆನ್‌ಫೀಲ್ಡ್ ಪಕ್ಕದಲ್ಲಿ ಕೋಣೆ ಹಿಡಿದ ತಮ್ಮನಿಗೆ

ದಾವಣಗೆರೆಯಿಂದ ಲಿವರ್‌ಪೂಲ್‌ಗೆ ಓದಲು ಬಂದು ಮೂರು ವಾರವಾಯಿತು, ಬಾಡಿಗೆ ಕಡಿಮೆಯೆಂದು ಲಿವರ್‌ಪೂಲ್ ಫುಟ್‌ಬಾಲ್ ಕ್ಲಬ್ಬಿನ ಆನ್‌ಫೀಲ್ಡ್ ಕ್ರೀಡಾಂಗಣದ ಹತ್ತಿರದ ಬೀದಿಯಲ್ಲೇ ಕೋಣೆ ಹಿಡಿದಿದ್ದೇನೆ ಎಂದು ಬರೆದಿದ್ದೀಯ. ಪಂದ್ಯದ ದಿನ ಹೊರಗೆ ಓಡಾಡಬಹುದೇ, ಯಾವ ಬಣ್ಣದ ಅಂಗಿ ತೊಡಬೇಕು, ಟಿಕೆಟ್ ಸಿಗುವುದು ಹೇಗೆ, ಜೊತೆಯ ಹುಡುಗರು ಪ್ರತಿಭಟನೆಗೆ ಕರೆದರೆ ಹೋಗಬಹುದೇ ಎಂದು ಕೇಳಿದ್ದೀಯ. ಫುಟ್‌ಬಾಲ್ ಅಭಿಮಾನಿಗಳ ಹೊಡೆದಾಟದ ವಿಡಿಯೊ ನೋಡಿ ನಿನ್ನ ಅಮ್ಮ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲವಂತೆ. ಅಕ್ಕ ಎಂದು ಕರೆದಿದ್ದೀಯ, ಹಾಗಾಗಿ ಏಕವಚನದಲ್ಲೇ ಬರೆಯುತ್ತೇನೆ.

ನಾನು ಇಲ್ಲಿಗೆ ನರ್ಸ್ ಕೆಲಸಕ್ಕೆ ಬಂದದ್ದು 2004ರ ಫೆಬ್ರುವರಿಯಲ್ಲಿ. ನನ್ನ ಮೊದಲ ಕೋಣೆಯೂ ಆನ್‌ಫೀಲ್ಡಿಗೆ ಕೂಗಳತೆಯ ದೂರದಲ್ಲಿತ್ತು. ಬಂದ ಹೊಸದರಲ್ಲಿ ಒಂದು ಮಧ್ಯಾಹ್ನ ಸಾವಿರಾರು ಜನರ ಕೂಗು ಕೇಳಿ ಕಿಟಕಿ ಮುಚ್ಚಿ, ಬಾಗಿಲ ಚಿಲಕ ಹಾಕಿ ಹಾಸಿಗೆಯ ಮೇಲೆ ಕುಳಿತಿದ್ದೆ. ತೀರ್ಥಹಳ್ಳಿಯವಳು ನಾನು. ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ಅಪ್ಪನ ಹೆಗಲ ಮೇಲೆ ಕುಳಿತು ತೇರು ನೋಡಿದವಳಿಗೆ ಜನಸಂದಣಿ ಹೊಸದಲ್ಲ. ಆದರೂ ಈ ಕೂಗಿನಲ್ಲಿ ದೇವರಿಲ್ಲ ಎನ್ನಿಸಿ ಭಯವಾಗಿತ್ತು. ಇಂದು ಹಾಗೆ ಹೇಳಲಾರೆ.

ಪಂದ್ಯದ ದಿನ ಧಾರಾಳವಾಗಿ ಓಡಾಡು. ಬಸ್ಸುಗಳು ತಡವಾಗುತ್ತವೆ, ಅಂಗಡಿಯಲ್ಲಿ ಸಾಲು ಇರುತ್ತದೆ, ಅಷ್ಟೇ. ಒಳಗೆ ಹೋಗುವುದಾದರೆ ಎದುರಾಳಿ ತಂಡದ ಅಂಗಿ ತೊಟ್ಟು ಸ್ಥಳೀಯರ ಸ್ಟ್ಯಾಂಡಿನಲ್ಲಿ ಕೂರಬೇಡ, ಸಿಬ್ಬಂದಿಯೇ ಹೊರಗೆ ಕಳಿಸುತ್ತಾರೆ. ಟಿಕೆಟನ್ನು ಕ್ಲಬ್ಬಿನ ಸದಸ್ಯತ್ವ ಪಡೆದು ಕೊಳ್ಳು. ಬೀದಿಯಲ್ಲಿ ಪಿಸುದನಿಯಲ್ಲಿ ಮಾರುವವರ ಬಳಿ ಬೇಡ, ಫುಟ್‌ಬಾಲ್ ಟಿಕೆಟನ್ನು ಅನುಮತಿಯಿಲ್ಲದೆ ಮಾರುವುದು ಇಲ್ಲಿ ಅಪರಾಧ. ಮೈದಾನ ಕಾಣುವ ಜಾಗದಲ್ಲಿ ಕುಡಿಯುವಂತಿಲ್ಲ, 1985ರಿಂದ ಕಾನೂನಿದೆ. ನಿನಗೆ ಆ ಚಿಂತೆ ಇಲ್ಲವೆಂದು ನಂಬಿದ್ದೇನೆ.

ಅಮ್ಮನ ಭಯದ ವಿಷಯ ಮಾತ್ರ ಎರಡು ಸಾಲಿನಲ್ಲಿ ಮುಗಿಯುವುದಲ್ಲ. ಹೊಡೆದಾಟ ಸುಳ್ಳಲ್ಲ ತಮ್ಮಾ. 1985ರ ಮೇ 29ರಂದು ಬ್ರಸೆಲ್ಸ್‌ನ ಹೈಸೆಲ್ ಕ್ರೀಡಾಂಗಣದಲ್ಲಿ ಲಿವರ್‌ಪೂಲ್ ಅಭಿಮಾನಿಗಳು ಎದುರಿನವರ ಮೇಲೆ ನುಗ್ಗಿದರು. ಹಿಂದೆ ಸರಿಯುತ್ತ ಒತ್ತಿಕೊಂಡ ಜನರ ಭಾರಕ್ಕೆ ಗೋಡೆ ಕುಸಿಯಿತು. 39 ಜನ ಸತ್ತರು, ಹೆಚ್ಚಿನವರು ಯುವೆಂಟಸ್ ತಂಡವನ್ನು ನೋಡಲು ಬಂದ ಇಟಲಿಯವರು. ಇಂಗ್ಲೆಂಡಿನ ಕ್ಲಬ್ಬುಗಳನ್ನು ಯುರೋಪಿನ ಪಂದ್ಯಗಳಿಂದ ಐದು ವರ್ಷ ಹೊರಗಿಟ್ಟರು, ಲಿವರ್‌ಪೂಲ್ ಅನ್ನು ಆರು ವರ್ಷ. ಆ ಕಾಲದಲ್ಲಿ ಇಲ್ಲಿನ ಅನೇಕ ಮೈದಾನಗಳಲ್ಲಿ ಪ್ರೇಕ್ಷಕರ ಮುಂದೆ ಕಬ್ಬಿಣದ ಬೇಲಿ ಇತ್ತು. ದನದ ದೊಡ್ಡಿಯ ಹಾಗೆ ಜನರನ್ನು ಕೂಡಿಹಾಕುತ್ತಿದ್ದರು. ಅಭಿಮಾನಿ ಎಂದರೆ ಪುಂಡ ಎಂದು ಅಧಿಕಾರಿಗಳು ತೀರ್ಮಾನಿಸಿಬಿಟ್ಟಿದ್ದರು.

ಆ ತೀರ್ಮಾನವೇ ಮುಂದೆ ಕೊಂದಿತು. 1989ರ ಏಪ್ರಿಲ್ 15, ಶೆಫೀಲ್ಡ್‌ನ ಹಿಲ್ಸ್‌ಬರೊ ಮೈದಾನ, ಲಿವರ್‌ಪೂಲ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ನಡುವಿನ ಸೆಮಿಫೈನಲ್. ಹತ್ತು ಸಾವಿರ ಜನ ನಿಲ್ಲುವ ಕಡೆಗೆ ಹೋಗಲು ತಿರುಗುವ ಗೇಟುಗಳು ಇದ್ದದ್ದು ಏಳೇ ಏಳು. ಹೊರಗೆ ನೂಕುನುಗ್ಗಲಾದಾಗ ಪೊಲೀಸರೇ ದೊಡ್ಡ ಗೇಟು ತೆರೆಸಿದರು. ಆದರೆ ಒಳಗಿನ ಸುರಂಗದ ದಾರಿಯನ್ನು ಮುಚ್ಚಿಸಲಿಲ್ಲ. ಬಂದವರೆಲ್ಲ ಆಗಲೇ ತುಂಬಿ ತುಳುಕುತ್ತಿದ್ದ ನಡುವಿನ ಎರಡು ದೊಡ್ಡಿಗಳಿಗೇ ಇಳಿದರು. 3 ಗಂಟೆ 6 ನಿಮಿಷಕ್ಕೆ ಆಟ ನಿಲ್ಲಿಸಿದರು. ಮೇಲಿನ ಅಂತಸ್ತಿನವರು ಕೈ ಚಾಚಿ ಕೆಳಗಿನವರನ್ನು ಎಳೆದುಕೊಂಡರು, ಜಾಹೀರಾತು ಫಲಕಗಳನ್ನು ಕಿತ್ತು ಸ್ಟ್ರೆಚರ್ ಮಾಡಿದರು. ಹೀಗೆ ಹೊತ್ತು ಓಡಿದವರು ಅಭಿಮಾನಿಗಳೇ. 97 ಜನ ಹೋದರು, ಅವರಲ್ಲಿ ಕಿರಿಯನಿಗೆ ಹತ್ತು ವರ್ಷ. ಗೇಟನ್ನು ಅಭಿಮಾನಿಗಳೇ ಮುರಿದು ನುಗ್ಗಿದರೆಂದು ಪೊಲೀಸ್ ಅಧಿಕಾರಿ ಅಂದೇ ಸುಳ್ಳು ಹೇಳಿದ. ನಾಲ್ಕು ದಿನಕ್ಕೆ ‘ದಿ ಸನ್’ ಪತ್ರಿಕೆ, ಕುಡುಕರು ಹೆಣಗಳ ಜೇಬಿಗೆ ಕೈ ಹಾಕಿದರೆಂದು ಮುಖಪುಟದಲ್ಲಿ ಬರೆಯಿತು. ಅಂದಿನಿಂದ ಈ ಊರಿನಲ್ಲಿ ಆ ಪತ್ರಿಕೆಯನ್ನು ಮುಟ್ಟದವರೇ ಹೆಚ್ಚು. ನೀನೂ ಯಾರ ಮನೆಗೂ ಅದನ್ನು ಒಯ್ಯಬೇಡ.

ಇದ್ಯಾವುದೂ ನನಗೆ ಗೊತ್ತಿರಲಿಲ್ಲ. ಬಂದ ಎರಡನೆಯ ತಿಂಗಳು, ವಾರ್ಡಿನ ಚಹಾ ಕೋಣೆಯಲ್ಲಿ ಹಿಲ್ಸ್‌ಬರೊ ಮಾತು ಬಂತು. ಹೊಸಬಳಾದ ನನಗೆ ನಾಲ್ಕು ಮಾತಾಡಿ ಎಲ್ಲರೊಳಗೆ ಒಬ್ಬಳಾಗುವ ಆತುರ. ‘ಕುಡಿದು ನುಗ್ಗಿದರೆ ಹಾಗೇ ಆಗುವುದು’ ಎಂದೆ. ಎದುರಿಗೆ ಕುಳಿತಿದ್ದ ಹಿರಿಯ ಸಹಾಯಕಿ ಏನೂ ಹೇಳಲಿಲ್ಲ. ಎದ್ದು ಅರ್ಧ ಚಹಾವನ್ನು ಸಿಂಕಿಗೆ ಸುರಿದರು, ಕಪ್ಪನ್ನು ತೊಳೆದು ಬಟ್ಟೆಯಿಂದ ಒರೆಸಿ, ಹಿಡಿ ಗೋಡೆಯ ಕಡೆ ಬರುವಂತೆ ಇಟ್ಟು ಹೋದರು. ಅವರ ತಮ್ಮ ಅಂದು ಆ ದೊಡ್ಡಿಯಲ್ಲಿದ್ದ, ಬದುಕಿ ಬಂದ, ಮತ್ತೆಂದೂ ಮೈದಾನಕ್ಕೆ ಕಾಲಿಡಲಿಲ್ಲ ಎಂದು ಬೇರೊಬ್ಬಳು ಸಂಜೆ ಹೇಳಿದಳು. ಬಾಣಂತನ ಮಾಡುವ ಅತ್ತಿಗೆಯ ಹಾಗೆ ನನಗೆ ಕೆಲಸ ಕಲಿಸಿದವರು ಅವರು. ಕ್ಷಮಿಸಿ ಎಂದು ಹೇಳಲು ಎಷ್ಟೋ ಸಲ ಹತ್ತಿರ ಹೋದೆ. ರೋಗಿಯ ವಿಷಯವನ್ನೋ ಮಳೆಯ ವಿಷಯವನ್ನೋ ಮಾತಾಡಿ ಹಿಂದಿರುಗಿದೆ.

ಪ್ರತಿಭಟನೆಯ ಬಗ್ಗೆ ಕೇಳಿದೆಯಲ್ಲ. 2009ರ ಏಪ್ರಿಲ್ 15, ದುರಂತಕ್ಕೆ ಇಪ್ಪತ್ತು ವರ್ಷ ತುಂಬಿದ ದಿನ, ಆನ್‌ಫೀಲ್ಡಿನ ಸ್ಮರಣೆಗೆ ನಾನೂ ಹೋಗಿದ್ದೆ. ಸಚಿವರು ಆಂಡಿ ಬರ್ನ್‌ಹ್ಯಾಮ್ ಮಾತಾಡುತ್ತಿದ್ದರು. ಎಲ್ಲೋ ಒಬ್ಬ ಕೂಗಿದ. ಮರುಕ್ಷಣ ಇಡೀ ಸ್ಟ್ಯಾಂಡು ಎದ್ದು, 96 ಜನರಿಗೆ ನ್ಯಾಯ ಕೊಡಿ ಎಂದು ಕೂಗತೊಡಗಿತು. ಆಗ ಲೆಕ್ಕ 96 ಇತ್ತು, ಕೊನೆಯವರು ತೀರಿಕೊಂಡದ್ದು 2021ರಲ್ಲಿ. ಒಂದು ಕಲ್ಲು ಹಾರಲಿಲ್ಲ, ಒಂದು ಕುರ್ಚಿ ಮುರಿಯಲಿಲ್ಲ. ಆ ಕೂಗಿನಿಂದ ಕದಲಿದ ಕಡತಗಳು ಸ್ವತಂತ್ರ ಸಮಿತಿಯ ಮುಂದೆ ಬಂದವು. ಪೊಲೀಸರ 164 ಹೇಳಿಕೆಗಳನ್ನು ತಿದ್ದಲಾಗಿತ್ತು ಎಂದು 2012ರಲ್ಲಿ ಬಯಲಾಯಿತು. ಇವು ಕಾನೂನುಬಾಹಿರ ಸಾವುಗಳು, ಅಭಿಮಾನಿಗಳ ತಪ್ಪಿಲ್ಲ ಎಂದು 2016ರ ಏಪ್ರಿಲ್‌ನಲ್ಲಿ ಜ್ಯೂರಿ ಹೇಳಿತು. ಇಪ್ಪತ್ತೇಳು ವರ್ಷ ಹಿಡಿಯಿತು. ಆ 2009ರ ಮಧ್ಯಾಹ್ನ ನನಗಿಂತ ಐದಾರು ಸಾಲು ಕೆಳಗೆ ಬೂದುಬಣ್ಣದ ಕೋಟು ತೊಟ್ಟು ಆ ಹಿರಿಯ ಸಹಾಯಕಿಯೂ ನಿಂತಿದ್ದರು. ಬೆನ್ನು ಕಂಡಿತು. ಇಳಿದು ಹೋಗಲಿಲ್ಲ. ಆ ಬೇಸಿಗೆಯಲ್ಲಿ ಅವರು ನಿವೃತ್ತರಾದರು, ಮತ್ತೆ ಸಿಗಲಿಲ್ಲ.

2016ರ ಫೆಬ್ರುವರಿಯಲ್ಲಿ ಆನ್‌ಫೀಲ್ಡಿನಲ್ಲೇ 77 ಪೌಂಡಿನ ಟಿಕೆಟ್ ವಿರೋಧಿಸಿ 77ನೆಯ ನಿಮಿಷಕ್ಕೆ ಸಾವಿರಾರು ಜನ ಎದ್ದು ಹೊರನಡೆದರು. ಕೆಲವೇ ದಿನಗಳಲ್ಲಿ ಮಾಲೀಕರು ಕ್ಷಮೆ ಕೇಳಿ ಬೆಲೆ ಹಿಂದೆಗೆದುಕೊಂಡರು. ಅಂಥದ್ದಕ್ಕೆ ನೀನು ಹೆಮ್ಮೆಯಿಂದ ಹೋಗು. 2021ರ ಮೇ ತಿಂಗಳಲ್ಲಿ ಮ್ಯಾಂಚೆಸ್ಟರಿನ ಓಲ್ಡ್ ಟ್ರಾಫರ್ಡ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಅಭಿಮಾನಿಗಳು ತಮ್ಮ ಕ್ಲಬ್ಬಿನ ಮಾಲೀಕರ ವಿರುದ್ಧ ಮೈದಾನಕ್ಕೇ ನುಗ್ಗಿದರು, ಪಂದ್ಯ ಮುಂದಕ್ಕೆ ಹೋಯಿತು. ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ಒಬ್ಬ ಪೊಲೀಸರ ಮುಖ ಸೀಳಿತು. ಮೈದಾನಕ್ಕೆ ಇಳಿಯುವುದು 1991ರ ಕಾನೂನಿನಂತೆ ಅಪರಾಧ. ಶಿಕ್ಷೆಯಾದವರಿಗೆ ಮೂರು ವರ್ಷ, ಅದಕ್ಕೂ ಹೆಚ್ಚು ಕಾಲ ಪಂದ್ಯಗಳಿಗೆ ನಿಷೇಧ ಬೀಳಬಹುದು. ನೀನು ವೀಸಾದ ಮೇಲೆ ಇರುವವನು. ಅಪ್ಪ ಸಾಲ ಮಾಡಿ ಕಳಿಸಿದ್ದಾರೆ ಎಂದು ನೀನೇ ಬರೆದಿದ್ದೀಯ. ಯಾರಾದರೂ ತಡೆಗೋಡೆ ಹಾರಿದರೆ ನೀನು ಹಿಂದಕ್ಕೆ ಸರಿ. ಹೇಡಿ ಎಂದರೂ ಎನ್ನಲಿ.

2025ರ ಜೂನ್ 4ರ ಸಂಜೆ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಆರ್‌ಸಿಬಿ ವಿಜಯೋತ್ಸವದಲ್ಲಿ 11 ಜನ ಸತ್ತ ಸುದ್ದಿ ಬಂದಾಗ ನಾನು ರಾತ್ರಿ ಪಾಳಿಗೆ ಹೊರಟಿದ್ದೆ. ಊರಿನಿಂದ ಹತ್ತಿರದ ಸಂಬಂಧಿಯೊಬ್ಬರು ಫೋನಿನಲ್ಲಿ, ‘ಹುಚ್ಚು ಅಭಿಮಾನ, ಇವರಿಗೆ ಯಾರು ಹೋಗೆಂದರು?’ ಎಂದರು. ಚಹಾ ಕೋಣೆಯಲ್ಲಿ ನಾನು ಆಡಿದ್ದೇ ಮಾತು, ನನ್ನದೇ ಭಾಷೆಯಲ್ಲಿ. ಪತ್ರಿಕೆಗಳೆಲ್ಲ ಕಾಲ್ತುಳಿತ ಎಂದು ಬರೆದವು. ಆ ಪದ ನೋಡಿದರೆ ಸಂಕಟವಾಗುತ್ತದೆ. ತುಳಿದವರು ಯಾರೋ ಇದ್ದರು, ಅವರೂ ಅಭಿಮಾನಿಗಳೇ ಎಂದು ಪದವೇ ಹೇಳಿಬಿಡುತ್ತದೆ. ಹಿಲ್ಸ್‌ಬರೊದಲ್ಲಿ ಎಷ್ಟೋ ಜನ ನಿಂತ ನಿಲುವಿನಲ್ಲೇ ಉಸಿರು ಕಟ್ಟಿ ಹೋದರು. ಪಕ್ಕೆಲುಬು ಅಗಲಲು ಜಾಗವಿಲ್ಲದಿದ್ದರೆ ಗಾಳಿ ಒಳಗೆ ಹೋಗುವುದಿಲ್ಲ, ತುಳಿಯುವವರೇ ಬೇಕಾಗಿಲ್ಲ. ಅಂದು ಆ ಸಂಬಂಧಿಗೆ ಅರ್ಧ ಗಂಟೆ ಇದನ್ನೆಲ್ಲ ಹೇಳಿದೆ, ಪಾಳಿಗೆ ತಡವಾಗಿ ಹೋದೆ.

ನಿನ್ನ ಕೋಣೆಯಿಂದ ಹತ್ತು ನಿಮಿಷ ನಡೆದರೆ ಸ್ಮಾರಕ ಸಿಗುತ್ತದೆ. 97 ಹೆಸರುಗಳಿವೆ, ಆರದ ದೀಪವಿದೆ. ಪಂದ್ಯವಿಲ್ಲದ ದಿನ ಹೋಗು. ಆಮೇಲೆ ಭಾನುವಾರ ನಮ್ಮ ಮನೆಗೆ ಬಾ, ಊರಿನಿಂದ ಸಾರಿನ ಪುಡಿ, ಮಿಡಿ ಉಪ್ಪಿನಕಾಯಿ ಬಂದಿದೆ. ಮತ್ತೆ ಅಮ್ಮನ ನಂಬರ್ ಕಳಿಸು, ನಾನೇ ಮಾತಾಡುತ್ತೇನೆ.